ಮಾರಿಯೋಗೆ ಮರಳುವವರಿಗೆ: 1985ರ ಆಟವನ್ನು ಈಗ ಆಡಿ ಮುಗಿಸುವ ಸಮಗ್ರ ಮಾರ್ಗದರ್ಶಿ

ಇಪ್ಪತ್ತು-ಇಪ್ಪತ್ತೈದು ವರ್ಷದ ಮೇಲೆ ‘ಸೂಪರ್ ಮಾರಿಯೋ ಬ್ರದರ್ಸ್’ಗೆ ಮತ್ತೆ ಕೈ ಹಚ್ಚುವವರ ದೂರು ಹೆಚ್ಚುಕಮ್ಮಿ ಒಂದೇ: ಕೈ ಮಾತು ಕೇಳುತ್ತಿಲ್ಲ. ಎದುರು ಬರುವ ಪುಟ್ಟ ಶತ್ರು ಗೂಂಬಾದ ತಲೆ ಮೇಲೆ ಹಾರಿದೆ ಅಂದುಕೊಂಡರೆ ಅದರ ಮೂತಿಗೇ ಡಿಕ್ಕಿ. ಅಂದು ಕಣ್ಣು ಮುಚ್ಚಿ ದಾಟುತ್ತಿದ್ದ ಹೊಂಡಕ್ಕೆ ಇಂದು ಮೂರು ಲೈಫೂ ಸಾಲದು. ವಯಸ್ಸಾಯಿತು ಎಂದು ನಕ್ಕು ಬದಿಗಿಡುತ್ತಾರೆ. ವಯಸ್ಸಿನ ಪಾಲು ಒಂದಿಷ್ಟು ಇರಲಿ. ಆದರೆ ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಆಡಿದ ಮಾರಿಯೋ ನಿಜಕ್ಕೂ ನಿಧಾನವಾಗಿ ಓಡುತ್ತಿತ್ತು. ಈಗ ಸಿಗುವುದು ವೇಗದ ಮಾರಿಯೋ. ಅಲ್ಲಿಂದಲೇ ಶುರು ಮಾಡಬೇಕು.

ಐವತ್ತು-ಅರವತ್ತರ ಲೆಕ್ಕ

ಈ ಆಟ ಜಪಾನಿನಲ್ಲಿ 1985ರ ಸೆಪ್ಟೆಂಬರ್ 13ರಂದು ನಿಂಟೆಂಡೋದ ಫ್ಯಾಮಿಕಾಂ ಯಂತ್ರಕ್ಕೆ ಬಂತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ್ದು, ಸಂಗೀತ ಕೋಜಿ ಕೊಂಡೊ ಅವರದು. ಇಡೀ ಪ್ರೋಗ್ರಾಂ, ಚಿತ್ರ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ಅದರಲ್ಲಿ ಮಾರಿಯೋನ ಓಟ, ನೆಗೆತ, ಗಡಿಯಾರ ಯಾವುದನ್ನೂ ಸೆಕೆಂಡಿನಲ್ಲಿ ಅಳೆಯುವುದಿಲ್ಲ, ಫ್ರೇಮಿನಲ್ಲಿ ಅಳೆಯುತ್ತದೆ. ಅಂದರೆ ಪರದೆ ಎಷ್ಟು ಸಲ ಹೊಸದಾಗುತ್ತದೋ ಅಷ್ಟು ಹೆಜ್ಜೆ.

ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಫ್ರೇಮಿನವು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ಇಲ್ಲಿ ‘ಟಿವಿ ಗೇಮ್’ ಎಂದು ಮಾರುತ್ತಿದ್ದ ನಕಲು ಯಂತ್ರಗಳಲ್ಲಿ ಬಹುಪಾಲು 50ರವು, ಒಳಗೆ ಹಾಕುವ ಕ್ಯಾಸೆಟ್‌ನಲ್ಲಿದ್ದದ್ದು 60ಕ್ಕೆ ಬರೆದ ಪ್ರೋಗ್ರಾಂ. ಯುರೋಪಿನ ಅಧಿಕೃತ ಕ್ಯಾಸೆಟ್‌ಗೆ ಈ ಅಂತರ ಸರಿದೂಗಿಸಲು ವೇಗ ತಿದ್ದಿದ್ದರು. ನಮ್ಮ ‘9999 ಇನ್ 1’ ಕ್ಯಾಸೆಟ್‌ಗೆ ಯಾರು ತಿದ್ದಬೇಕು? ಹಾಗಾಗಿ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ಓಡಿತು.

ಆಟದ ಗಡಿಯಾರದ ಒಂದು ಅಂಕಿ ಇಳಿಯಲು 24 ಫ್ರೇಮ್ ಬೇಕು. 400ರ ಸ್ಟೇಜ್ ಎಂದರೆ 60ರ ಯಂತ್ರದಲ್ಲಿ 160 ಸೆಕೆಂಡು, 50ರದರಲ್ಲಿ 192 ಸೆಕೆಂಡು. ಪೂರ್ತಿ ಓಟದಲ್ಲಿ ಮಾರಿಯೋ ಫ್ರೇಮಿಗೆ 2.5 ಪಿಕ್ಸೆಲ್ ಸರಿಯುತ್ತಾನೆ, ಒಂದು ಇಟ್ಟಿಗೆ 16 ಪಿಕ್ಸೆಲ್ ಅಗಲ. ಈಗ ಸೆಕೆಂಡಿಗೆ ಒಂಬತ್ತು ಇಟ್ಟಿಗೆಗೂ ಮಿಕ್ಕಿ ದಾಟುತ್ತೀರಿ, ಅಂದು ಎಂಟನ್ನೂ ಮುಟ್ಟುತ್ತಿರಲಿಲ್ಲ. ನಿಮ್ಮ ಹೆಬ್ಬೆರಳು ಇನ್ನೂ ಆ ಹಳೇ ಲೆಕ್ಕದಲ್ಲೇ ಇದೆ, ಅದಕ್ಕೇ ಪ್ರತಿ ನೆಗೆತವೂ ಒಂದು ಕೂದಲೆಳೆ ತಡ.

ಇನ್ನೊಂದು ವಿಷಯ. ಆ ಬಹು-ಆಟದ ಕ್ಯಾಸೆಟ್‌ಗಳಲ್ಲಿ ಒಂದೇ ಮಾರಿಯೋವನ್ನು ಹತ್ತಾರು ಹೆಸರಲ್ಲಿ ತುಂಬಿರುತ್ತಿದ್ದರು: ಒಂದು 5-1ರಿಂದ, ಅಂದರೆ ಐದನೇ ಲೋಕದ ಮೊದಲ ಸ್ಟೇಜಿನಿಂದ ಶುರು, ಇನ್ನೊಂದರಲ್ಲಿ ಗಾಳಿಯಲ್ಲೇ ಮತ್ತೆ ಮತ್ತೆ ನೆಗೆಯಬಹುದು. ‘ಮಾರಿಯೋ ಹಾರ್ತಿದ್ನಲ್ಲಾ’ ಎಂದು ನಿಮಗೆ ನೆನಪಿದ್ದರೆ ಅದು ತಿದ್ದಿದ ಪ್ರತಿ. ಮೂಲದಲ್ಲಿ ಹಾರಾಟ ಇಲ್ಲ.

ಯಾವುದರಲ್ಲಿ ಆಡಬೇಕು

ಮೂಲ ಆಟ ಬದಲಾಗದೆ ಸಿಗುವ ಸುಲಭದ ಜಾಗ ನಿಂಟೆಂಡೋ ಸ್ವಿಚ್‌ನ ಆನ್‌ಲೈನ್ ಚಂದಾ. ನಡುವೆ ನಿಲ್ಲಿಸಿ ಉಳಿಸಿಕೊಳ್ಳುವುದು, ಹಿಂದಕ್ಕೆ ಸುತ್ತುವುದು ಎರಡೂ ಅದರಲ್ಲಿವೆ. 2016ರಲ್ಲಿ ಬಂದ ಎನ್‌ಇಎಸ್ ಕ್ಲಾಸಿಕ್ ಎಂಬ ಪುಟ್ಟ ಯಂತ್ರ, 2020ರ ಗೇಮ್ ಅಂಡ್ ವಾಚ್ ಇವೂ ಆಗುತ್ತವೆ, ಆದರೆ ಈಗ ಸೆಕೆಂಡ್‌ಹ್ಯಾಂಡ್‌ನಲ್ಲೇ ಹುಡುಕಬೇಕು.

ಎರಡು ಆವೃತ್ತಿಗಳ ಬಗ್ಗೆ ಮಾತ್ರ ಎಚ್ಚರ. 1993ರ ‘ಸೂಪರ್ ಮಾರಿಯೋ ಆಲ್-ಸ್ಟಾರ್ಸ್’ನಲ್ಲಿ ಚಿತ್ರ ಚೆಂದ ಇದೆ, ಆದರೆ ಇಟ್ಟಿಗೆ ಒಡೆದಾಗ ಮಾರಿಯೋ ಮೂಲದಂತೆ ಕೆಳಕ್ಕೆ ಪುಟಿಯುವುದಿಲ್ಲ, ಇನ್ನೂ ಮೇಲಕ್ಕೇ ಹೋಗುತ್ತಾನೆ. ಇಟ್ಟಿಗೆ ಸಾಲಿನ ಕೆಳಗೆ ಶತ್ರು ಇದ್ದಾಗ ಈ ವ್ಯತ್ಯಾಸ ಜೀವ ತೆಗೆಯುತ್ತದೆ. 1999ರ ಗೇಮ್ ಬಾಯ್ ಕಲರ್‌ನ ಡೀಲಕ್ಸ್ ಆವೃತ್ತಿಯ ಪರದೆ 160×144 ಪಿಕ್ಸೆಲ್, ಮೂಲದ್ದು 256×240. ಮುಂದಿನ ಹೊಂಡ ಕಾಣುವ ಹೊತ್ತಿಗೆ ನೀವು ಅದರ ಅಂಚಿನಲ್ಲಿರುತ್ತೀರಿ. ಮೊದಲ ಮರುಭೇಟಿಗೆ ಎರಡೂ ಬೇಡ.

ನಿಮ್ಮದೇ ಕ್ಯಾಸೆಟ್‌ನಿಂದ ಪ್ರತಿ ತೆಗೆದು ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ (ಹಳೇ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಆಡುವುದಾದರೆ ಫೈಲ್ ಗಾತ್ರ ನೋಡಿ: ತಲೆಬರಹದ 16 ಬೈಟ್ ಸೇರಿ 40,976 ಬೈಟ್ ಇರಬೇಕು. ಬೇರೆ ಸಂಖ್ಯೆ ಬಂದರೆ ಅದು ಮೂಲವಲ್ಲ. ಸೆಟ್ಟಿಂಗ್‌ನಲ್ಲಿ ವಲಯವನ್ನು ಎನ್‌ಟಿಎಸ್‌ಸಿ, ಅಂದರೆ 60 ಫ್ರೇಮಿನ ಪದ್ಧತಿ ಎಂದಿಡಿ. ಹಳೇ ವೇಗವೇ ಬೇಕು ಎನ್ನುವವರು ‘ಡೆಂಡಿ’ ಎಂಬ ಆಯ್ಕೆ ಇದ್ದರೆ ಹಾಕಿ ನೋಡಿ. ರಷ್ಯಾದಲ್ಲಿ ಮಾರಾಟವಾದ ನಕಲು ಯಂತ್ರದ ಹೆಸರು ಅದು, ನಮ್ಮ ಟಿವಿ ಗೇಮ್‌ಗಳ ಜಾತಿಯದೇ. ಬಾಲ್ಯ ಅದೇ ತಾಳದಲ್ಲಿ ವಾಪಸ್ ಬರುತ್ತದೆ. ಆದರೆ ಆಟ ಮುಗಿಸುವ ಉದ್ದೇಶವಿದ್ದರೆ 60ಕ್ಕೇ ಒಗ್ಗಿಕೊಳ್ಳುವುದು ಒಳ್ಳೆಯದು, ಉಳಿದೆಲ್ಲ ಕಡೆ ಸಿಗುವುದು ಅದೇ.

ಅಟ್ಟದ ಮೇಲಿನ ಹಳೇ ಯಂತ್ರವನ್ನೇ ಇಳಿಸಿದ್ದರೆ ಮೊದಲು ಅಡಾಪ್ಟರ್ ನೋಡಿ. ವೋಲ್ಟೇಜ್ ಮಾತ್ರವಲ್ಲ, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದೂ ಯಂತ್ರದ ತಳದಲ್ಲಿ ಬರೆದಿರುವುದಕ್ಕೆ ಹೊಂದಬೇಕು. ಮೂಲ ಫ್ಯಾಮಿಕಾಂನಲ್ಲಿ ನಡುವೆ ಮೈನಸ್, ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಪ್ಲಸ್. ಕ್ಯಾಸೆಟ್‌ಗೆ ಬಾಯಿಂದ ಊದುವ ಚಾಳಿ ಬಿಡಿ: ಉಗುಳಿನ ತೇವ ತಾಮ್ರದ ಪಟ್ಟಿಗಳನ್ನು ತಿನ್ನುತ್ತದೆ. ಊದಿದ ಮೇಲೆ ಆಟ ಬರುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಹಾಕಿದ್ದಕ್ಕೆ. ಕಿವಿಗೆ ಬಳಸುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಟ್ಟಿಗಳ ಉದ್ದಕ್ಕೆ ಒರೆಸಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸದು ತೆಗೆದುಕೊಳ್ಳಿ, ಹತ್ತು ನಿಮಿಷ ಒಣಗಿಸಿ. ಬಾತುಕೋಳಿ ಹೊಡೆಯುವ ಗನ್ ಮಾತ್ರ ಎಲ್‌ಸಿಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಅದು ಹಳೇ ದಪ್ಪ ಟಿವಿಯ ಬೆಳಕನ್ನು ನಂಬಿದ ಯಂತ್ರ.

ಟಿವಿಯ ತಡ

ಹೊಸ ಟಿವಿಗಳು ಚಿತ್ರವನ್ನು ನಯ ಮಾಡಲು ಸಮಯ ತೆಗೆದುಕೊಳ್ಳುತ್ತವೆ. ಗುಂಡಿ ಒತ್ತಿದ್ದಕ್ಕೂ ಮಾರಿಯೋ ನೆಗೆದದ್ದಕ್ಕೂ ನಡುವೆ ನಾಲ್ಕಾರು ಫ್ರೇಮ್ ಸೋರಿದರೆ ಯಾವ ಅಭ್ಯಾಸವೂ ಕೆಲಸಕ್ಕೆ ಬರುವುದಿಲ್ಲ. ಟಿವಿಯ ಮೆನುವಿನಲ್ಲಿ ‘ಗೇಮ್ ಮೋಡ್’ ಹಾಕಿ, ಚಿತ್ರ ನಯಗೊಳಿಸುವ ಆಯ್ಕೆಗಳನ್ನೆಲ್ಲ ಆರಿಸಿ. ಪರದೆಯ ಅನುಪಾತ 4:3ರಲ್ಲಿರಲಿ, ಅಗಲಕ್ಕೆ ಎಳೆದರೆ ಹೊಂಡದ ಅಂದಾಜು ಕೆಡುತ್ತದೆ.

ತಡ ಇದೆಯೋ ಇಲ್ಲವೋ ನೋಡಲು 1-1ರಲ್ಲಿ ಓಡುತ್ತಾ ಪೈಪ್‌ನ ಅಂಚು ಮಾರಿಯೋನ ಮೂಗಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಸ್ಟಾರ್ಟ್ ಒತ್ತಿ. ಆಟ ಅಲ್ಲೇ ನಿಲ್ಲಬೇಕು. ಪ್ರತಿ ಸಲವೂ ಪೈಪ್‌ಗೆ ಒತ್ತಿಕೊಂಡ ಮೇಲೆಯೇ ನಿಂತರೆ ತಡ ಇದೆ ಎಂದರ್ಥ. ಆಗ ಬ್ಲೂಟೂತ್ ಕಂಟ್ರೋಲರ್ ಬಿಟ್ಟು ತಂತಿಯದು ಹಾಕಿ. ಧ್ವನಿಗೆ ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ: ನೆಗೆತದ ಸದ್ದು ತಡವಾಗಿ ಕೇಳಿದರೆ ಕೈ ಗೊತ್ತಿಲ್ಲದೆ ಆ ಸದ್ದಿಗೆ ಕಾಯತೊಡಗುತ್ತದೆ.

ಮೊಬೈಲ್ ಪರದೆಯ ಮೇಲೆ ಬೆರಳಾಡಿಸಿ ಇದನ್ನು ಆಡಬೇಡಿ. ಕಾರಣ ಹೆಬ್ಬೆರಳಲ್ಲಿದೆ.

ಹೆಬ್ಬೆರಳು ಇಡುವ ಬಗೆ

ಈ ಆಟದಲ್ಲಿ ಬಿ ಎಂದರೆ ಓಟ, ಎ ಎಂದರೆ ನೆಗೆತ. ಮೂಲ ಕಂಟ್ರೋಲರ್‌ನಲ್ಲಿ ಬಿ ಎಡಕ್ಕೆ, ಎ ಬಲಕ್ಕೆ, ಒಂದೇ ಸಾಲಿನಲ್ಲಿ. ಬಲಗೈ ಹೆಬ್ಬೆರಳಿನ ತುದಿಯನ್ನು ಬಿ ಮೇಲೆ ಒತ್ತಿಟ್ಟು ಬೆರಳನ್ನು ಅಡ್ಡ ಮಲಗಿಸಿ. ಗೆಣ್ಣಿನ ಭಾಗ ತಾನಾಗಿ ಎ ಮೇಲೆ ಬರುತ್ತದೆ. ನೆಗೆಯಬೇಕಾದಾಗ ತುದಿ ಎತ್ತಬಾರದು, ಚಪಾತಿ ಲಟ್ಟಣಿಗೆಯಂತೆ ಬೆರಳನ್ನು ಬಲಕ್ಕೆ ಉರುಳಿಸಬೇಕು. ಬಿಯನ್ನು ಬಿಟ್ಟು ಎಗೆ ಹಾರಿ ಮತ್ತೆ ಬಿಗೆ ಬರುವವರು ಪ್ರತಿ ನೆಗೆತದಲ್ಲೂ ಓಟ ಕಳೆದುಕೊಳ್ಳುತ್ತಾರೆ. ಹೊಸ ಕಂಟ್ರೋಲರ್‌ಗಳಲ್ಲಿ ಎ, ಬಿ ಓರೆಯಾಗಿ ಕೂತಿರುವುದರಿಂದ ಗುಂಡಿ ಬದಲಾಯಿಸುವ ಸೌಲಭ್ಯ ಬಳಸಿ ಓಟವನ್ನು ಎಡಗಡೆಯ ಗುಂಡಿಗೆ, ನೆಗೆತವನ್ನು ಕೆಳಗಿನದಕ್ಕೆ ಕೊಡಿ. ಉರುಳಿಸುವುದು ಆಗ ಸಲೀಸು.

ಬಿ ಬಿಟ್ಟರೂ ಸುಮಾರು 10 ಫ್ರೇಮ್ ತನಕ ಓಟ ಉಳಿಯುತ್ತದೆ, ಸೆಕೆಂಡಿನ ಆರನೇ ಒಂದು ಪಾಲು. ಬೆಂಕಿ ಉಂಡೆ ಎಸೆಯಲು ಬಿಯನ್ನೇ ಬಿಟ್ಟು ಒತ್ತಬೇಕಲ್ಲ, ಅದಕ್ಕೆಂದೇ ಇಟ್ಟ ರಿಯಾಯಿತಿ ಇದು. ಚಟಕ್ಕನೆ ಬಿಟ್ಟು ಒತ್ತಿದರೆ ಓಟವೂ ಉಳಿಯಿತು, ಉಂಡೆಯೂ ಹೋಯಿತು. ಪರದೆಯ ಮೇಲೆ ಒಂದು ಸಲಕ್ಕೆ ಎರಡೇ ಉಂಡೆ, ಮೊದಲಿನದು ಮಾಯವಾಗುವ ತನಕ ಮೂರನೆಯದು ಬರುವುದಿಲ್ಲ. ಗುಂಡಿ ಕೆಟ್ಟಿದೆ ಎಂದು ಬೈಯಬೇಡಿ.

1-1ರಲ್ಲಿ ಅರ್ಧ ಗಂಟೆ

ಗೆಲ್ಲುವ ಆಸೆ ಬಿಟ್ಟು ಮೊದಲ ಸ್ಟೇಜನ್ನೇ ಹತ್ತಾರು ಸಲ ಆಡಿ. ಕಲಿಯಬೇಕಾದದ್ದು ಮೂರೇ.

ಮೊದಲನೆಯದು ಎತ್ತರ. ಗುಂಡಿ ಎಷ್ಟು ಹೊತ್ತು ಒತ್ತಿರುತ್ತೀರೋ ಅದರ ಮೇಲೆ ನೆಗೆತದ ಎತ್ತರ ನಿಂತಿದೆ. ನಿಂತಲ್ಲಿಂದ ಪೂರ್ತಿ ಒತ್ತಿದರೆ ನಾಲ್ಕು ಇಟ್ಟಿಗೆ, ಓಟದಿಂದ ಐದು. 1-1ರ ನಾಲ್ಕು ಪೈಪ್‌ಗಳ ಎತ್ತರ ಕ್ರಮವಾಗಿ 2, 3, 4, 4. ಅಳತೆಪಟ್ಟಿ ಇಟ್ಟ ಹಾಗೆ. ಎರಡನೆಯದಕ್ಕೆ ಬೇಕಾದಷ್ಟೇ ಒತ್ತಿ ಹತ್ತಲು ಕಲಿಯಿರಿ. ಎಲ್ಲದಕ್ಕೂ ಪೂರ್ತಿ ಒತ್ತುವವರು ಮುಂದೆ ಕೋಟೆಗಳಲ್ಲಿ ಛಾವಣಿಗೆ ತಲೆ ಹೊಡೆದು ಲಾವಾಕ್ಕೆ ಬೀಳುತ್ತಾರೆ.

ಎರಡನೆಯದು ಓಟ ಹಿಡಿಯುವ ದೂರ. ಪೂರ್ತಿ ವೇಗಕ್ಕೆ ಸುಮಾರು ಮುಕ್ಕಾಲು ಸೆಕೆಂಡು, ಮೂರು-ನಾಲ್ಕು ಇಟ್ಟಿಗೆಯಷ್ಟು ಜಾಗ ಬೇಕು. ನೆಲ ಬಿಡುವಾಗ ಇರುವ ವೇಗವೇ ಗಾಳಿಯಲ್ಲೂ ಮಿತಿ. ನಿಂತು ನೆಗೆದು ಆಮೇಲೆ ಬಿ ಒತ್ತಿದರೆ ನಡಿಗೆಯ ವೇಗಕ್ಕಿಂತ ಮೇಲೇರುವುದಿಲ್ಲ. ಹೊಂಡದ ಅಂಚಿನಲ್ಲಿ ನಿಂತು ಯೋಚಿಸಿ ಹಾರುವವರು ಬೀಳುವುದು ಇದಕ್ಕೇ. ಅನುಮಾನ ಬಂತೋ, ನಾಲ್ಕು ಇಟ್ಟಿಗೆ ಹಿಂದೆ ಬನ್ನಿ, ಓಡಿ, ಹಾರಿ. ಹಾಂ, ಒಂದು ಇಟ್ಟಿಗೆ ಅಗಲದ ಸಂದಿಯಾದರೆ ಹಾರುವುದೇ ಬೇಡ. ಪೂರ್ತಿ ವೇಗದಲ್ಲಿ ಅದರ ಮೇಲೇ ಓಡಿಹೋಗಬಹುದು.

ಮೂರನೆಯದು ಗಾಳಿಯಲ್ಲಿ ಹಿಂದಕ್ಕೆ ಎಳೆಯುವುದು. ಓಡಿ ಹಾರಿದ ಮೇಲೆ ಎಡಕ್ಕೆ ಒತ್ತಿದರೆ ವೇಗ ಕುಗ್ಗುತ್ತದೆ, ಇಳಿಯುವ ಜಾಗ ಹತ್ತಿರವಾಗುತ್ತದೆ. 60ರ ವೇಗಕ್ಕೆ ಒಗ್ಗಿಕೊಳ್ಳಲು ಇದೇ ಮುಖ್ಯ ಸಾಧನ: ತಡವಾಗಿ ಹಾರಿದ್ದನ್ನು ಗಾಳಿಯಲ್ಲೇ ತಿದ್ದಿಕೊಳ್ಳಬಹುದು.

ಮಧ್ಯೆ ಒಂದು ಲೈಫೂ ಸಿಗುತ್ತದೆ. ನಾಲ್ಕನೇ ಪೈಪ್ ದಾಟಿ ಮೊದಲ ಹೊಂಡಕ್ಕೆ ಮುಂಚೆ ಖಾಲಿ ಆಕಾಶಕ್ಕೆ ತಲೆ ಹೊಡೆಯಿರಿ, ಕಾಣದ ಪೆಟ್ಟಿಗೆಯಿಂದ ಹಸಿರು ಅಣಬೆ ಬರುತ್ತದೆ. ಅದು ಹೊಂಡದ ಕಡೆಗೇ ಉರುಳುತ್ತದೆ, ಹಿಂದೆಯೇ ಓಡಿ. ನಾಲ್ಕನೇ ಪೈಪ್ ಒಳಗೆ ಇಳಿದರೆ 19 ಕಾಯಿನ್, ಆದರೆ ಹಸಿರು ಅಣಬೆಯ ಜಾಗ ತಪ್ಪಿಹೋಗುತ್ತದೆ. ಪರದೆ ಹಿಂದಕ್ಕೆ ಸರಿಯದ ಆಟ ಇದು. ಒಂದು ಲೈಫೋ 19 ಕಾಯಿನ್ನೋ ಎಂದರೆ ಲೈಫೇ ಲಾಭ, 100 ಕಾಯಿನ್‌ಗೆ ತಾನೆ ಒಂದು ಲೈಫ್.

ಮುಂದಿನ ಮಾರಿಯೋಗಳನ್ನು ಆಡಿ ಬಂದವರಿಗೆ ಒಂದು ಎಚ್ಚರಿಕೆ. ಇಲ್ಲಿ ಬೆಂಕಿ ಮಾರಿಯೋಗೆ ಏಟು ಬಿದ್ದರೆ ನಡುವಿನ ಹಂತ ಇಲ್ಲ, ಸೀದಾ ಪುಟ್ಟ ಮಾರಿಯೋ. ಪುಟ್ಟವನಾಗಿದ್ದಾಗ ಪೆಟ್ಟಿಗೆಯಿಂದ ಅಣಬೆಯೇ ಬರುತ್ತದೆ, ದೊಡ್ಡವನಾಗಿದ್ದರೆ ಮಾತ್ರ ಹೂ. ಆಮೆಚಿಪ್ಪನ್ನು ಕೈಯಲ್ಲಿ ಹಿಡಿಯಲು ಬರುವುದಿಲ್ಲ. ಕಪ್ಪು ಚಿಪ್ಪಿನ ಬಜ್ಜಿ ಬೀಟಲ್‌ಗೆ ಬೆಂಕಿ ನಾಟುವುದಿಲ್ಲ, ಕಾಲಲ್ಲೇ ಮೆಟ್ಟಬೇಕು. ಮುಳ್ಳಿನ ಸ್ಪೈನಿ ಅದಕ್ಕೆ ತಿರುಗುಮುರುಗು.

ದಾರಿ: 32ರಲ್ಲಿ 12 ಸ್ಟೇಜ್ ಸಾಕು

ಎಂಟು ಲೋಕ, ಲೋಕಕ್ಕೆ ನಾಲ್ಕು ಸ್ಟೇಜ್, ಒಟ್ಟು 32. ನಡುವಿನ ಲೋಕಗಳನ್ನು ಬಿಟ್ಟು ಸೀದಾ ಮುಂದಕ್ಕೆ ಒಯ್ಯುವ ವಾರ್ಪ್ ಪೈಪ್‌ಗಳನ್ನು ಪೂರ್ತಿ ಬಳಸಿದರೆ 8 ಸ್ಟೇಜಿಗೆ ಆಟ ಮುಗಿಯುತ್ತದೆ: 1-1, 1-2, 4-1, 4-2, ಆಮೇಲೆ 8ನೇ ಲೋಕದ ನಾಲ್ಕು. ವೇಗದ ಸ್ಪರ್ಧೆಯವರು ಈ ದಾರಿಯಲ್ಲೇ 4 ನಿಮಿಷ 55 ಸೆಕೆಂಡಿಗಿಂತ ಕಡಿಮೆಗೆ ಮುಗಿಸುತ್ತಾರೆ. ಮರಳಿ ಬಂದವರಿಗೆ ಅದು ಸರಿಯಲ್ಲ. ಮೂರು-ನಾಲ್ಕು ಲೈಫ್ ಹಿಡಿದುಕೊಂಡು 8-1ಕ್ಕೆ ಕಾಲಿಟ್ಟರೆ ಐದು ನಿಮಿಷದಲ್ಲಿ ಹೊರಗೆ. ನಮ್ಮ ಸಲಹೆ 1-2ರಿಂದ 4ಕ್ಕಲ್ಲ, 3ಕ್ಕೆ ಹೋಗಿ. ಅಲ್ಲಿ ಲೈಫ್ ಕೂಡಿಹಾಕಿಕೊಂಡು 3-1ರಿಂದ 4-2ರವರೆಗೆ ಆಡಿ, ಅಲ್ಲಿಂದ 8ಕ್ಕೆ. ಒಟ್ಟು 12 ಸ್ಟೇಜ್.

1-2 ನೆಲಮಾಳಿಗೆ. ಕೊನೆಯ ಭಾಗದಲ್ಲಿ ಮೇಲೆ-ಕೆಳಗೆ ಹೋಗುವ ಲಿಫ್ಟ್ ಹಲಗೆಗಳು ಸಿಗುತ್ತವೆ. ಅದರ ಮೇಲೆ ನಿಂತು ಛಾವಣಿಯ ಮಟ್ಟಕ್ಕೆ ಏರಿ, ಇಟ್ಟಿಗೆ ಛಾವಣಿಯ ಮೇಲೆ ಹಾರಿ, ಬಲಕ್ಕೆ ಓಡುತ್ತಲೇ ಇರಿ. ಹೊರಹೋಗುವ ಪೈಪ್ ಕೆಳಗೇ ಉಳಿಯುತ್ತದೆ, ಮುಂದೆ ಮೂರು ಪೈಪ್ ಇರುವ ಕೋಣೆ. ಎಡದಿಂದ 4, 3, 2. ನಡುವಿನದಕ್ಕೆ ಇಳಿಯಿರಿ.

3-1: ಲೈಫ್ ಕೂಡಿಹಾಕುವುದು

ಕಪ್ಪು ಆಕಾಶದ ಸ್ಟೇಜ್. ಕೊನೆಗೆ ಬಾವುಟದ ಮುಂಚೆ ಮೆಟ್ಟಿಲಿದೆ, ಅದನ್ನಿಳಿದು ಎರಡು ಆಮೆಗಳು ಒಂದರ ಹಿಂದೊಂದು ನಿಮ್ಮ ಕಡೆ ಬರುತ್ತವೆ. ಒಂದು ನಿಯಮ ತಿಳಿದಿದ್ದರೆ ಇಲ್ಲಿ ನಡೆಯುವುದು ಅರ್ಥವಾಗುತ್ತದೆ. ಕಾಲು ನೆಲಕ್ಕೆ ತಾಗದಂತೆ ಒಂದರ ಮೇಲೊಂದು ಮೆಟ್ಟುತ್ತಾ ಹೋದರೆ ಅಂಕ 100, 200, 400, 500, 800, 1000, 2000, 4000, 5000, 8000 ಎಂದು ಏರಿ, ಆಮೇಲಿನ ಪ್ರತಿ ಮೆಟ್ಟಿಗೂ ಒಂದು ಲೈಫ್.

1. ಮೊದಲ ಆಮೆಯನ್ನು ಹಾರಿ ದಾಟಿ ಅಥವಾ ಹೊಡೆದು ತೆಗೆಯಿರಿ. ಅದು ಹಿಂದೆ ಉಳಿದರೆ ಕಾಟ.

2. ಎರಡನೆಯದು ಇನ್ನೂ ಮೆಟ್ಟಿಲ ಮೇಲಿರುವಾಗಲೇ, ಅಂದರೆ ಅದರ ಬೆನ್ನಿಗೆ ಒಂದು ಮೆಟ್ಟಿಲ ಗೋಡೆ ಇರುವಾಗ, ಮೇಲಿಂದ ಮೆಟ್ಟಿ. ಅಲ್ಲೇ ಚಿಪ್ಪೊಳಗೆ ಸೇರುತ್ತದೆ.

3. ಈಗ ಚಿಪ್ಪಿನ ಎಡ ಅಂಚಿಗೆ ಬೀಳುವಂತೆ ನೆಗೆಯಿರಿ. ಚಿಪ್ಪು ಬಲಕ್ಕೆ ಚಿಮ್ಮಿ ಗೋಡೆಗೆ ಬಡಿದು ತಕ್ಷಣ ವಾಪಸ್ ಬರುತ್ತದೆ, ನೀವು ಪುಟಿದು ಕೆಳಗೆ ಬರುವಷ್ಟರಲ್ಲಿ ಕಾಲ ಕೆಳಗೇ ಇರುತ್ತದೆ. ಮತ್ತೆ ಮೆಟ್ಟು, ಮತ್ತೆ ಪುಟಿ.

4. ಜಾಗ ಸರಿಯಾಗಿ ಸಿಕ್ಕಿದರೆ ದಿಕ್ಕಿನ ಗುಂಡಿಯನ್ನೇ ಮುಟ್ಟಬೇಡಿ. ಮಾರಿಯೋ ತಾನೇ ಕುಟ್ಟುತ್ತಾ ನಿಲ್ಲುತ್ತಾನೆ.

ಕೆಡುವುದು ಎರಡು ಕಡೆ. ಚಿಪ್ಪಿನ ಬಲಕ್ಕೆ ಬಿದ್ದರೆ ಅದು ಎಡಕ್ಕೆ ಚಿಮ್ಮಿ ಮೆಟ್ಟಿಲಿಳಿದು ಹೋಗಿಬಿಡುತ್ತದೆ. ತೀರಾ ಹತ್ತಿರದಿಂದ, ಎತ್ತರ ಇಲ್ಲದೆ ಬಿದ್ದರೆ ವಾಪಸ್ ಬರುವ ಚಿಪ್ಪು ಪಕ್ಕದಿಂದ ತಾಗಿ ನಿಮ್ಮನ್ನೇ ಕೊಲ್ಲುತ್ತದೆ. ಹಿಂದಕ್ಕೆ ಸುತ್ತುವ ಸೌಲಭ್ಯವಿದ್ದರೆ ಅದನ್ನು ಬಳಸಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಹತ್ತು ಸಲಕ್ಕೆ ಕೈ ಕೂರುತ್ತದೆ.

ಗಡಿಯಾರದ ಮೇಲೊಂದು ಕಣ್ಣಿರಲಿ, ಮತ್ತು ಆಸೆಗೆ ಮಿತಿ ಇರಲಿ. ಲೈಫ್ ಎಣಿಕೆ ಒಂದೇ ಬೈಟಿನಲ್ಲಿದೆ. 127 ದಾಟಿದರೆ ಯಂತ್ರ ಅದನ್ನು ಋಣಸಂಖ್ಯೆ ಎಂದು ಓದುತ್ತದೆ, ಮುಂದಿನ ಸಾವಿಗೆ ಗೇಮ್ ಓವರ್. ಲೆಕ್ಕ ಇಡುವುದೂ ಕಷ್ಟ, ಹತ್ತರ ಮೇಲೆ ಪರದೆಯಲ್ಲಿ ಅಂಕಿ ಬದಲು ಕಿರೀಟ, ಚಿತ್ರವಿಚಿತ್ರ ಗುರುತುಗಳು. ಮೂವತ್ತು-ನಲವತ್ತು ಲೈಫ್ ಆದ ಕೂಡಲೇ ನಿಲ್ಲಿಸಿ ಬಾವುಟಕ್ಕೆ ಹೋಗಿ. ಬಾವುಟದ ತುದಿ ಹಿಡಿದರೆ 5000 ಅಂಕ. ಗಡಿಯಾರದ ಕೊನೇ ಅಂಕಿ 1, 3 ಅಥವಾ 6 ಇದ್ದಾಗ ಹಿಡಿದರೆ ಅಷ್ಟು ಪಟಾಕಿ ಸಿಡಿಯುತ್ತವೆ. ಚಿಕ್ಕಂದಿನಲ್ಲಿ ಅದೃಷ್ಟ ಅಂದುಕೊಂಡದ್ದರ ಗುಟ್ಟು ಇಷ್ಟೇ.

3-2ರಿಂದ 4-1

3-2ರಲ್ಲಿ ಆಮೆಗಳ ಸಾಲು ಸಾಲು, ಒಂದು ಚಿಪ್ಪನ್ನು ಒದ್ದು ಹಿಂದೆಯೇ ಹೋದರೆ ದಾರಿ ಖಾಲಿ. 3-3ರ ತಕ್ಕಡಿ ಹಲಗೆಗಳ ಮೇಲೆ ನಿಲ್ಲಬೇಡಿ, ಒಂದು ಇಳಿದರೆ ಇನ್ನೊಂದು ಏರುತ್ತದೆ, ಹೆಚ್ಚು ಹೊತ್ತು ನಿಂತರೆ ಎರಡೂ ಕಳಚಿ ಬೀಳುತ್ತವೆ. 3-4 ಕೋಟೆ. ಸುತ್ತುವ ಬೆಂಕಿ ಕೋಲುಗಳ ಹತ್ತಿರ ಅವಸರ ಬೇಡ. ಕೋಲು ಮೇಲೆ ಹೋಗುವಾಗ ಕೆಳಗೆ ನುಸುಳಿ. ಕೋಟೆಗಳಲ್ಲಿ ಅರ್ಧದಾರಿಯ ಉಳಿತಾಯ ಇಲ್ಲ, ಸತ್ತರೆ ಬಾಗಿಲಿಂದಲೇ.

ಕೋಟೆಯ ಕೊನೆಗೆ ಸೇತುವೆ ಮೇಲೆ ಕಾಯುವ ಖಳ ಬೌಸರ್‌ಗೆ ಐದು ಬೆಂಕಿ ಉಂಡೆ ಹೊಡೆದರೆ ಬೀಳುತ್ತಾನೆ, ಒಂದರಿಂದ ಏಳನೇ ಲೋಕದವರೆಗೆ ಬೀಳುವಾಗ ನಿಜರೂಪ ಕಾಣುತ್ತದೆ: 1-4ರದು ಗೂಂಬಾ, 3-4ರದು ಬಜ್ಜಿ ಬೀಟಲ್. ಬೆಂಕಿ ಇಲ್ಲದಿದ್ದರೆ ಅವನು ನೆಗೆದಾಗ ಕೆಳಗೆ ಓಡಿ ಸೇತುವೆಯಾಚೆಯ ಕೊಡಲಿ ಮುಟ್ಟಿ. ದೊಡ್ಡ ಮಾರಿಯೋ ಆಗಿದ್ದರೆ ಅದಕ್ಕಿಂತ ನಿಶ್ಚಿತ ದಾರಿ: ಬೇಕೆಂದೇ ಡಿಕ್ಕಿ ಹೊಡೆದು ಪುಟ್ಟವನಾಗಿ, ಮಿಣಮಿಣ ಮಿನುಗುತ್ತಿರುವಷ್ಟರಲ್ಲಿ ಅವನ ಮೈಯೊಳಗಿಂದಲೇ ದಾಟಿಬಿಡಿ. ಶೂರತನ ಅಲ್ಲ, ಆದರೆ ಸೇತುವೆ ಕುಸಿಯುತ್ತದೆ.

4-1ರಲ್ಲಿ ಮೋಡದ ಮೇಲೆ ಕೂತ ಲಕಿಟು ಮುಳ್ಳುಮೊಟ್ಟೆ ಎಸೆಯುತ್ತಾನೆ. ನಿಂತರೆ ನೆಲದ ತುಂಬ ಮುಳ್ಳು. ಪೂರ್ತಿ ಓಟ ಬಿಡದೆ ಹೋದರೆ ಅವನ ಎಸೆತ ಹಿಂದೆ ಬೀಳುತ್ತದೆ.

4-2: ಬಳ್ಳಿ ಹುಡುಕುವುದು

ಇಲ್ಲಿ ಎರಡು ವಾರ್ಪ್ ಇವೆ, ಹೆಚ್ಚಿನವರು ತಪ್ಪಾದದ್ದಕ್ಕೆ ಹೋಗುತ್ತಾರೆ. 1-2ರಂತೆ ಛಾವಣಿ ಮೇಲೆ ಓಡಿದರೆ ಸಿಗುವುದು 5ನೇ ಲೋಕಕ್ಕೆ ಮಾತ್ರ. ನಮಗೆ ಬೇಕಾದದ್ದು ಬಳ್ಳಿಯ ದಾರಿ. ಲಿಫ್ಟ್ ಹಲಗೆಗಳನ್ನು ದಾಟಿದ ಮೇಲೆ ಎತ್ತರದಲ್ಲಿ ಮೂರು ಇಟ್ಟಿಗೆಗಳ ಪುಟ್ಟ ಸಾಲು ಸಿಗುತ್ತದೆ, ಬಳ್ಳಿ ಅದರಲ್ಲಿದೆ. ನೆಲದಿಂದ ನೆಗೆದರೆ ತಲೆ ಎಟುಕುವುದಿಲ್ಲ. ಆಸುಪಾಸಿನ ಖಾಲಿ ಜಾಗದಲ್ಲಿ ಕಾಣದ ಕಾಯಿನ್ ಪೆಟ್ಟಿಗೆಗಳಿವೆ. ಸಾಲಿನ ಹತ್ತಿರ ನೆಗೆಯುತ್ತಾ ಅವನ್ನು ಎಬ್ಬಿಸಿ, ಅವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ, ಅಲ್ಲಿಂದ ಇಟ್ಟಿಗೆಗೆ ಗುದ್ದಿ. ಹತ್ತುವ ಮುಂಚೆ ಬಲಕ್ಕೆ ಹೆಚ್ಚು ಸರಿಯಬೇಡಿ, ಪರದೆ ಮುಂದೆ ಹೋದರೆ ಹಿಂದಿನ ಜಾಗ ಹೋದಂತೆಯೇ. ಬಳ್ಳಿ ಹತ್ತಿ ಮೇಲೆ ಬಲಕ್ಕೆ ಹೋದರೆ ಮೂರು ಪೈಪ್, ಎಡದಿಂದ 8, 7, 6. ಎಡದ್ದು.

ಎಂಟನೇ ಲೋಕ

ಇಲ್ಲಿ ಯಾವ ಸ್ಟೇಜಿನಲ್ಲೂ ಅರ್ಧದಾರಿಯ ಉಳಿತಾಯ ಇಲ್ಲ. ಕೂಡಿಟ್ಟ ಲೈಫ್ ಖರ್ಚಾಗುವುದು ಇಲ್ಲೇ, ಅದಕ್ಕೆ ಬೇಸರ ಬೇಡ.

8-1 ತುಂಬ ಉದ್ದ, ಗಡಿಯಾರ ಮಾತ್ರ 300. 60ರ ಯಂತ್ರದಲ್ಲಿ 120 ಸೆಕೆಂಡು. ಹಳೇ ಟಿವಿ ಗೇಮ್‌ನಲ್ಲಿ 144 ಸಿಗುತ್ತಿದ್ದರೂ ಮಾರಿಯೋ ಅಷ್ಟೇ ನಿಧಾನವಾಗಿದ್ದ, ಆದರೆ ಯೋಚಿಸಲು 24 ಸೆಕೆಂಡು ಹೆಚ್ಚಿತ್ತು. ಈಗ ಅದಿಲ್ಲ. ಕಾಯಿನ್, ಪೈಪ್, ಇಟ್ಟಿಗೆ ಎಲ್ಲ ಬಿಟ್ಟು ಬಿ ಒತ್ತಿಯೇ ಇರಿ. ಕಂಬದಂತಹ ಸಣ್ಣ ನೆಲಗಳ ಮೇಲೆ ಇಳಿಯುವಾಗ ಗಾಳಿಯಲ್ಲಿ ಹಿಂದಕ್ಕೆ ಎಳೆಯುವ ಅಭ್ಯಾಸ ಕೈ ಹಿಡಿಯುತ್ತದೆ.

8-2ರಲ್ಲಿ ಲಕಿಟು ಮತ್ತೆ ಬರುತ್ತಾನೆ, ಜೊತೆಗೆ ಗುಂಡು ಹಾರಿಸುವ ಫಿರಂಗಿ. ಫಿರಂಗಿಗೆ ಅಂಟಿ ನಿಂತರೆ ಅದು ಗುಂಡು ಬಿಡುವುದಿಲ್ಲ, ಹತ್ತಿ ದಾಟಿ. 8-3 ಸುತ್ತಿಗೆ ಎಸೆಯುವ ಅಣ್ಣತಮ್ಮಂದಿರದು, ಇಡೀ ಆಟದಲ್ಲಿ ಇವರಷ್ಟು ಜೀವ ತೆಗೆಯುವವರಿಲ್ಲ. ದೂರ ನಿಂತು ಕಾಯುವುದು ತಪ್ಪು, ಕಾದಷ್ಟೂ ಸುತ್ತಿಗೆ ಹೆಚ್ಚು. ಇಟ್ಟಿಗೆ ಮೇಲೆ ನಿಂತವನನ್ನು ಕೆಳಗಿಂದ ಇಟ್ಟಿಗೆಗೆ ಗುದ್ದಿ ಕೊಲ್ಲಬಹುದು. ನೆಲದಲ್ಲಿರುವವನು ಎತ್ತರಕ್ಕೆ ನೆಗೆದಾಗ ಅಡಿಯಿಂದ ಓಡಿಹೋಗಿ.

8-4 ಪೈಪ್‌ಗಳ ಚಕ್ರವ್ಯೂಹ. ಸೀದಾ ಓಡಿದರೆ ಅದೇ ಜಾಗ ಮತ್ತೆ ಮತ್ತೆ, ತಪ್ಪು ಪೈಪ್‌ಗೆ ಇಳಿದರೆ ಮೊದಲಿಗೇ ವಾಪಸ್. ಮೊದಲ ಕೋಣೆಯಲ್ಲಿ ಚಲಿಸುವ ಹಲಗೆಯಿರುವ ಲಾವಾ ಹೊಂಡ ದಾಟಿದ ಮೇಲೆ ಸಿಗುವ ಪೈಪ್ ಸರಿಯಾದದ್ದು. ಎರಡನೆಯ ಕೋಣೆಯಲ್ಲಿ ಪೈಪ್ ಗಾಳಿಯಲ್ಲಿ ತೇಲುವಂತೆ ಎತ್ತರದಲ್ಲಿದೆ, ಪಕ್ಕದಲ್ಲಿ ನೆಗೆದರೆ ಕಾಣದ ಪೆಟ್ಟಿಗೆ ಏಳುತ್ತದೆ, ಅದರ ಮೇಲಿಂದ ಹತ್ತಿ. ಮೂರನೆಯದರಲ್ಲಿ ದಾರಿ ಸರಿಯಾಗಿದ್ದರೆ ನೀರಿಗೆ ಬೀಳುತ್ತೀರಿ. ನೀರೊಳಗೂ ಬೆಂಕಿ ಕೋಲು ಸುತ್ತುತ್ತಿರುತ್ತದೆ, ಹೇಗೆ ಎಂದು ಕೇಳಬೇಡಿ. ಈಜುವಾಗ ಎ ಅನ್ನು ಸಣ್ಣ ಸಣ್ಣದಾಗಿ ತಟ್ಟಿ ಮಟ್ಟ ಕಾಯ್ದುಕೊಳ್ಳಿ. ಹೊರಬಂದರೆ ಒಬ್ಬ ಸುತ್ತಿಗೆಯವನು, ಅವನ ಹಿಂದೆ ನಿಜವಾದ ಬೌಸರ್. ಬೆಂಕಿಯೂ ಸುತ್ತಿಗೆಯೂ ಎರಡನ್ನೂ ಎಸೆಯುವವನು ಇವನೊಬ್ಬನೇ. ಸುತ್ತಿಗೆಗಳು ಕಮಾನಿನಂತೆ ಮೇಲೆ ಹೋಗಿ ಬೀಳುವುದರಿಂದ ಅವನ ಕಾಲಬುಡ ದೂರಕ್ಕಿಂತ ಸುರಕ್ಷಿತ. ಹತ್ತಿರ ಹೋಗಿ ನೆಗೆತಕ್ಕೆ ಕಾಯಿರಿ, ನುಗ್ಗಿ.

ಎಲ್ಲ ಲೈಫ್ ಮುಗಿದು ಗೇಮ್ ಓವರ್ ಆದರೂ ಯಂತ್ರ ಆರಿಸಬೇಡಿ. ಮುಖಪುಟದಲ್ಲಿ ಎ ಒತ್ತಿಹಿಡಿದೇ ಸ್ಟಾರ್ಟ್ ಒತ್ತಿ, ಸತ್ತ ಲೋಕದ ಮೊದಲ ಸ್ಟೇಜಿನಿಂದ ಮೂರು ಲೈಫ್‌ನೊಂದಿಗೆ ಮತ್ತೆ ಶುರುವಾಗುತ್ತದೆ. ಈ ಒಂದು ವಿಷಯ ತೊಂಬತ್ತರಲ್ಲಿ ಗೊತ್ತಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಕಂಟ್ರೋಲರ್ ಗೋಡೆಗೆ ಬಡಿಯುತ್ತಿರಲಿಲ್ಲ.

ವಾರ್ಪ್ ಇಲ್ಲದೆ ಆಡುವವರಿಗೆ

ಎಲ್ಲ 32ನ್ನೂ ಆಡುವ ಹಟ ಇದ್ದರೆ ಸಿಕ್ಕಿಹಾಕಿಕೊಳ್ಳುವ ಕೋಟೆಗಳು ಎರಡು, ಇವೂ ಸುತ್ತಿಸುತ್ತವೆ. 4-4ರಲ್ಲಿ ಮೊದಲು ಮೇಲಿನ ದಾರಿ, ಆಮೇಲೆ ಕೆಳಗಿನದು. 7-4ರಲ್ಲಿ ಮೊದಲ ಸುತ್ತಿನಲ್ಲಿ ಕೆಳಗೆ, ನಡುವೆ, ಮೇಲೆ. ಎರಡನೆಯದರಲ್ಲಿ ಮೇಲೆ, ನಡುವೆ, ಮೇಲೆ. ದಾರಿ ತಪ್ಪಿದರೆ ಆಟ ಹೇಳುವುದಿಲ್ಲ, ಅದೇ ಗೋಡೆ ಮತ್ತೆ ಬರುತ್ತದೆ ಅಷ್ಟೆ.

‘ಮೈನಸ್ ಲೋಕ’ದ ಬಗ್ಗೆ ಕೇಳಿದ ಪುಕಾರುಗಳಲ್ಲಿ ಇಷ್ಟು ನಿಜ: 1-2ರ ಕೊನೆಯ ಗೋಡೆಯೊಳಗೆ ನುಸುಳಿ, ವಾರ್ಪ್ ಕೋಣೆ ಸಿದ್ಧವಾಗುವ ಮುಂಚೆಯೇ ಪೈಪ್‌ಗೆ ಇಳಿದರೆ ಆಟ 36ನೇ ಲೋಕ ಎಂಬುದಕ್ಕೆ ಹೋಗುತ್ತದೆ. ಚಿತ್ರಪಟ್ಟಿಯಲ್ಲಿ 36ನೆಯದು ಖಾಲಿ ಜಾಗವಾದ್ದರಿಂದ ಪರದೆಯಲ್ಲಿ ‘-1’ ಎಂದಷ್ಟೇ ಕಾಣುತ್ತದೆ. ಒಳಗಿರುವುದು ಮುಗಿಯದ ನೀರಿನ ಸ್ಟೇಜ್, ಕೊನೆಯ ಪೈಪ್ ಮತ್ತೆ ಮೊದಲಿಗೇ ತರುತ್ತದೆ. ಒಮ್ಮೆ ನೋಡಿ ಬರಲು ಸರಿ, ಕೂಡಿಟ್ಟ ಲೈಫ್ ಹೊತ್ತು ಹೋಗಬೇಡಿ.

8-4 ಮುಗಿದು ರಾಜಕುಮಾರಿ ಸಿಕ್ಕಮೇಲೆ ಬಿ ಒತ್ತಿದರೆ ಮುಖಪುಟಕ್ಕೆ ಬರುತ್ತೀರಿ. ಅಲ್ಲಿ ಬಿಯಿಂದ ಬೇಕಾದ ಲೋಕ ಆರಿಸಿಕೊಳ್ಳಬಹುದು. ಈ ಎರಡನೇ ಸುತ್ತಿನಲ್ಲಿ ಗೂಂಬಾಗಳ ಜಾಗದಲ್ಲೆಲ್ಲ ಬಜ್ಜಿ ಬೀಟಲ್, ಹಲಗೆಗಳು ಗಿಡ್ಡ, ಶತ್ರುಗಳ ನಡಿಗೆ ಚುರುಕು. ಬೆಂಕಿ ಹೂವಿಗೆ ಬೆಲೆ ಕಡಿಮೆ, ಚಿಪ್ಪುಗಳಿಗೆ ಹೆಚ್ಚು: 1-1ರ ಮೊದಲ ಶತ್ರುವನ್ನೇ ಮೆಟ್ಟಿ, ಚಿಪ್ಪನ್ನು ಬಲಕ್ಕೆ ಒದ್ದು ಹಿಂದೆಯೇ ಓಡಲು ಹೊರಡಿ, ಪೈಪ್‌ಗೆ ಬಡಿದು ಅದು ವಾಪಸ್ ಬರುವಾಗ ಮೇಲೆ ಹಾರಲು ಮರೆಯಬೇಡಿ.